ನಿದ್ದೆಯಲ್ಲಿ ಮೀನಖಂಡ ಹಿಡಿದುಕೊಳ್ಳುವುದೇಕೆ?

ಪ್ರಶ್ನೆ: ನನಗೆ 57 ವರ್ಷ. ಪಾಂಡವಪುರದ ಸಮೀಪ ನಾಲೆ ನೀರಿನ ಜಮೀನಿನಲ್ಲಿ ಕಬ್ಬು ಮತ್ತು ಭತ್ತ ಬೆಳೆಯುತ್ತೇನೆ. ಕೆಲವು ತಿಂಗಳುಗಳಿಂದ ವಾರಕ್ಕೆ ಎರಡು ಮೂರು ರಾತ್ರಿ ನಿದ್ದೆಯಲ್ಲಿರುವಾಗ ಮೀನಖಂಡ ಗಟ್ಟಿಯಾಗಿ ಹಿಡಿದುಕೊಂಡು ಕಿರುಚುವಂತಾಗುತ್ತದೆ. ಹೆಚ್ಚಾಗಿ ಎಡಗಾಲು, ಒಮ್ಮೊಮ್ಮೆ ಬಲಗಾಲು. ಒಂದೆರಡು ನಿಮಿಷದಲ್ಲಿ ಬಿಡುತ್ತದೆ. ನೋವು ಮಾತ್ರ ಮರುದಿನವೂ ಇರುತ್ತದೆ. ರಕ್ತದೊತ್ತಡಕ್ಕೆ ಮಾತ್ರೆ ನುಂಗುತ್ತಿದ್ದೇನೆ. ಕಳೆದ ವರ್ಷ ಅದರ ಜೊತೆಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ ಸೇರಿಸಿದ್ದಾರೆ. ಇತ್ತೀಚೆಗೆ ಹರಕೆ ತೀರಿಸಲು ಚಾಮುಂಡಿ ಬೆಟ್ಟವನ್ನು ಮೆಟ್ಟಿಲಿನಲ್ಲಿ ಹತ್ತಿ, ಮೆಟ್ಟಿಲಿನಲ್ಲೇ ಇಳಿದೆ. ಅಂದು ಏನೂ ಆಗಲಿಲ್ಲ. ಮರುದಿನದಿಂದ ಮೂರು ದಿನ ತೊಡೆ ಮುಟ್ಟಲಾಗದಷ್ಟು ನೋವು. ಊರಿನವರೊಬ್ಬರು ನರದೌರ್ಬಲ್ಯ ಎಂದರು. ಶಕ್ತಿಯ ಇಂಜೆಕ್ಷನ್ ಹಾಕಿಸಿಕೊಂಡೆ, ಗುಣ ಕಾಣಲಿಲ್ಲ. ಮೈಸೂರಿನಲ್ಲಿ ಜಿಮ್‌ಗೆ ಹೋಗುವ ಮಗ, ಲ್ಯಾಕ್ಟಿಕ್ ಆಮ್ಲ ಸೇರಿಕೊಂಡಿದೆ, ಬಾಳೆಹಣ್ಣು ತಿನ್ನಿ, ಪ್ರೋಟೀನ್ ಪುಡಿ ಕುಡಿಯಿರಿ ಎನ್ನುತ್ತಾನೆ. ನನ್ನ ಸ್ನಾಯು ಸವೆದುಹೋಗಿದೆಯೇ? ಗದ್ದೆ ಕೆಲಸ ನಿಲ್ಲಿಸಬೇಕೇ? ನಾನು ನಿದ್ದೆಯಲ್ಲಿರುವಾಗ, ನಾನು ಹೇಳದೆ, ಕಾಲು ತಾನೇ ಹೇಗೆ ಬಿಗಿಯುತ್ತದೆ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಬೇರೆ ಬೇರೆ ನೋವುಗಳಿವೆ. ರಾತ್ರಿ ಮೀನಖಂಡ ಹಿಡಿಯುವುದು ಒಂದು, ಬೆಟ್ಟ ಇಳಿದ ಮೇಲೆ ತೊಡೆಗೆ ಬಂದ ನೋವು ಇನ್ನೊಂದು. ಎರಡರ ಮೂಲವೂ ಬೇರೆ, ಉಪಾಯವೂ ಬೇರೆ. ಇವನ್ನು ಒಂದೇ ಎಂದುಕೊಂಡದ್ದರಿಂದಲೇ ಒಬ್ಬರು ನರದೌರ್ಬಲ್ಯವೆಂದೂ ಇನ್ನೊಬ್ಬರು ಲ್ಯಾಕ್ಟಿಕ್ ಆಮ್ಲವೆಂದೂ ಹೇಳಿ ನಿಮ್ಮನ್ನು ಗೊಂದಲಕ್ಕೆ ತಳ್ಳಿದ್ದಾರೆ. ನೀವು ಕೊನೆಯಲ್ಲಿ ಕೇಳಿರುವ ಪ್ರಶ್ನೆಯೇ ಎಲ್ಲಕ್ಕಿಂತ ಮುಖ್ಯವಾದದ್ದು. ಅದಕ್ಕೆ ಉತ್ತರ ಸಿಕ್ಕರೆ ಉಳಿದವು ಸುಲಭವಾಗುತ್ತವೆ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಮೀನಖಂಡ ಎಂದು ನಾವು ಕರೆಯುವ ಭಾಗದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಹೊರಗೆ ಉಬ್ಬಿ ಕಾಣುವುದು ಗ್ಯಾಸ್ಟ್ರಾಕ್ನೀಮಿಯಸ್. ಅದು ಮಂಡಿಗಿಂತ ಮೇಲೆ, ತೊಡೆಮೂಳೆಯ ಕೆಳತುದಿಯ ಹಿಂಭಾಗದಿಂದ ಎರಡು ಕವಲುಗಳಾಗಿ ಹೊರಡುತ್ತದೆ. ಅದರ ಅಡಿಯಲ್ಲಿ ಚಪ್ಪಟೆಯಾಗಿ ಅಡಗಿರುವುದು ಸೋಲಿಯಸ್. ಅದು ಮಂಡಿಯ ಕೆಳಗಿನ ಎರಡು ಮೂಳೆಗಳಿಂದ ಹೊರಡುತ್ತದೆ. ಎರಡೂ ಕೆಳಗೆ ಬರುತ್ತಾ ಒಂದೇ ದಪ್ಪ ಸ್ನಾಯುರಜ್ಜುವಾಗಿ ಸೇರಿ ಹಿಮ್ಮಡಿಯ ಮೂಳೆಗೆ ಅಂಟಿಕೊಳ್ಳುತ್ತವೆ. ಇವು ಕುಗ್ಗಿದಾಗ ಹಿಮ್ಮಡಿ ಮೇಲೇಳುತ್ತದೆ, ಪಾದದ ಮುಂಭಾಗ ಕೆಳಗೆ ಚಾಚುತ್ತದೆ. ಸ್ನಾಯುವಿಗೆ ಎಳೆಯಲು ಮಾತ್ರ ಬರುತ್ತದೆ, ತಳ್ಳಲು ಬರುವುದಿಲ್ಲ. ಪಾದವನ್ನು ಮತ್ತೆ ಮೇಲಕ್ಕೆ ಮಡಿಸಲು ಮಂಡಿಯ ಕೆಳಗೆ, ಕಾಲಿನ ಮುಂಭಾಗದಲ್ಲಿರುವ ಬೇರೆ ಸ್ನಾಯುಗಳೇ ಕೆಲಸ ಮಾಡಬೇಕು. ಗ್ಯಾಸ್ಟ್ರಾಕ್ನೀಮಿಯಸ್ ಮಂಡಿಯನ್ನೂ ಪಾದದ ಕೀಲನ್ನೂ ದಾಟಿ ಹೋಗುತ್ತದೆ, ಸೋಲಿಯಸ್ ಪಾದದ ಕೀಲನ್ನು ಮಾತ್ರ ದಾಟುತ್ತದೆ ಎಂಬುದನ್ನು ನೆನಪಿನಲ್ಲಿಡಿ. ಮುಂದೆ ವ್ಯಾಯಾಮ ಹೇಳುವಾಗ ಇದು ಬೇಕಾಗುತ್ತದೆ.

ಸ್ನಾಯುವನ್ನು ಬಿಡಿಸುತ್ತಾ ಹೋದರೆ ತೆಳುಪೊರೆಗಳಲ್ಲಿ ಸುತ್ತಿಟ್ಟ ಎಳೆಗಳ ಕಟ್ಟುಗಳು ಕಾಣುತ್ತವೆ. ಒಂದೊಂದು ಎಳೆಯೂ ಒಂದೊಂದು ಜೀವಕೋಶ. ದಪ್ಪದಲ್ಲಿ ಕೂದಲಿಗೆ ಸಮ ಅಥವಾ ಅದಕ್ಕಿಂತ ತೆಳು, ಉದ್ದದಲ್ಲಿ ಮಾತ್ರ ಕೆಲವು ಸೆಂಟಿಮೀಟರ್. ಅದರೊಳಗೆ ಇನ್ನೂ ಸೂಕ್ಷ್ಮವಾದ ತಂತುಗಳಿದ್ದು, ಪ್ರತಿ ತಂತುವೂ ಸಾರ್ಕೋಮಿಯರ್ ಎಂಬ ಪುಟ್ಟ ಘಟಕಗಳು ಸಾಲಾಗಿ ಜೋಡಣೆಯಾಗಿ ಆಗಿರುವಂಥದ್ದು. ಒಂದು ಸಾರ್ಕೋಮಿಯರಿನ ಉದ್ದ ಸುಮಾರು 2 ಮೈಕ್ರೋಮೀಟರ್ ಮಾತ್ರ. ಅಂದರೆ 5 ಸೆಂಟಿಮೀಟರ್ ಉದ್ದದ ಒಂದು ತಂತುವಿನಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಘಟಕಗಳು ಒಂದರ ತುದಿಗೆ ಒಂದು ಸೇರಿಕೊಂಡಿರುತ್ತವೆ. ಒಂದೊಂದೂ ಕಣ್ಣಿಗೆ ಕಾಣದಷ್ಟು ಕುಗ್ಗಿದರೂ ಎಲ್ಲವೂ ಒಟ್ಟಿಗೆ ಕುಗ್ಗಿದಾಗ ನಿಮ್ಮ ಹಿಮ್ಮಡಿ ನೆಲ ಬಿಟ್ಟು ಏಳುತ್ತದೆ.

ಸಾರ್ಕೋಮಿಯರಿನೊಳಗೆ ಎರಡು ಬಗೆಯ ಪ್ರೋಟೀನ್ ಎಳೆಗಳಿವೆ: ದಪ್ಪನೆಯ ಮಯೋಸಿನ್, ತೆಳ್ಳಗಿನ ಆಕ್ಟಿನ್. ಈ ಎಳೆಗಳೇ ಮಡಚಿಕೊಂಡು ಗಿಡ್ಡವಾಗುತ್ತವೆ ಎಂದು ವಿಜ್ಞಾನಿಗಳು ಬಹುಕಾಲ ಊಹಿಸಿದ್ದರು. 1954ರಲ್ಲಿ ಎರಡು ತಂಡಗಳು, ಒಂದರಲ್ಲಿ ಆಂಡ್ರ್ಯೂ ಹಕ್ಸ್ಲಿ ಮತ್ತು ರಾಲ್ಫ್ ನೀಡರ್‌ಗರ್ಕೆ, ಇನ್ನೊಂದರಲ್ಲಿ ಹ್ಯೂ ಹಕ್ಸ್ಲಿ ಮತ್ತು ಜೀನ್ ಹ್ಯಾನ್ಸನ್, ಎಳೆಗಳ ಉದ್ದ ಬದಲಾಗುವುದಿಲ್ಲ, ಅವು ಒಂದರ ಪಕ್ಕದಲ್ಲಿ ಒಂದು ಜಾರುತ್ತವೆ ಎಂದು ತೋರಿಸಿಕೊಟ್ಟವು. ಹೆಸರು ಒಂದೇ ಆದರೂ ಆ ಇಬ್ಬರು ಹಕ್ಸ್ಲಿಗಳು ನೆಂಟರಲ್ಲ. ಸೇದುವ ಬಾವಿಯಲ್ಲಿ ಕೊಡ ಎತ್ತುವವರ ಕೈಗಳು ಹಗ್ಗವನ್ನು ಹಿಡಿದು, ಎಳೆದು, ಬಿಟ್ಟು, ಇನ್ನಷ್ಟು ಕೆಳಗೆ ಮತ್ತೆ ಹಿಡಿಯುತ್ತವೆಯಲ್ಲ, ಹಾಗೆಯೇ ಮಯೋಸಿನ್ನಿನ ತಲೆಗಳು ಆಕ್ಟಿನ್ ಎಳೆಯನ್ನು ಹಿಡಿದು ಎಳೆದು ಬಿಡುತ್ತವೆ. ಹಗ್ಗವೂ ಗಿಡ್ಡವಾಗುವುದಿಲ್ಲ, ಕೈಯೂ ಗಿಡ್ಡವಾಗುವುದಿಲ್ಲ. ಕೊಡ ಮಾತ್ರ ಮೇಲೆ ಬರುತ್ತದೆ.

ಈ ಎಳೆತಕ್ಕೆ ಅಪ್ಪಣೆ ಬರುವುದು ನರದಿಂದ. ಬೆನ್ನುಹುರಿಯಲ್ಲಿರುವ ಚಾಲಕ ನರಕೋಶದ ತಂತು ಮೀನಖಂಡದವರೆಗೆ ಇಳಿದು ಬಂದು, ಕವಲೊಡೆದು ನೂರಾರು ಸ್ನಾಯು ಎಳೆಗಳನ್ನು ಮುಟ್ಟುತ್ತದೆ. ಕಣ್ಣುಗುಡ್ಡೆ ತಿರುಗಿಸುವ ಸ್ನಾಯುವಿನಲ್ಲಿ ಒಂದು ನರಕೋಶದ ಪಾಲಿಗೆ ಹತ್ತಾರು ಎಳೆಗಳಷ್ಟೇ ಇದ್ದರೆ, ಗ್ಯಾಸ್ಟ್ರಾಕ್ನೀಮಿಯಸ್‌ನಲ್ಲಿ ಆ ಸಂಖ್ಯೆ ಸಾವಿರ ದಾಟಬಹುದು. ಒಂದು ನರಕೋಶ ಕೆರಳಿದರೆ ಅದರ ಪಾಲಿನ ಎಲ್ಲ ಎಳೆಗಳೂ ಒಟ್ಟಿಗೆ ಬಿಗಿಯುತ್ತವೆ. ನರದ ತುದಿಯಲ್ಲಿ ಅಸೆಟೈಲ್‌ಕೋಲಿನ್ ಎಂಬ ರಾಸಾಯನಿಕ ಸುರಿಯುತ್ತದೆ, ಸ್ನಾಯು ಎಳೆಯ ಮೈಮೇಲೆ ವಿದ್ಯುತ್ ಅಲೆ ಹರಿಯುತ್ತದೆ, ಆ ಅಲೆ ಎಳೆಯ ಒಳಗಿನ ಚೀಲಗಳಿಂದ ಕ್ಯಾಲ್ಸಿಯಂ ಹೊರಬೀಳುವಂತೆ ಮಾಡುತ್ತದೆ. ಕ್ಯಾಲ್ಸಿಯಂ ಟ್ರೋಪೋನಿನ್ ಎಂಬ ಪ್ರೋಟೀನಿಗೆ ಅಂಟಿಕೊಂಡಾಗ, ಆಕ್ಟಿನ್ ಎಳೆಯ ಮೇಲೆ ಮುಚ್ಚಿಹೋಗಿದ್ದ ಹಿಡಿಗಳು ತೆರೆದುಕೊಳ್ಳುತ್ತವೆ. ಮಯೋಸಿನ್ ತಲೆಗಳು ಹಿಡಿದು ಎಳೆಯಲಾರಂಭಿಸುತ್ತವೆ.

ಬಿಗಿಯುವುದಕ್ಕೆ ಶಕ್ತಿ ಬೇಕು, ಸಡಿಲಗೊಳ್ಳುವುದು ತಾನಾಗಿಯೇ ಆಗುತ್ತದೆ ಎಂಬ ನಂಬಿಕೆ ಸಾಮಾನ್ಯವಾದದ್ದು. ಅದು ಅರ್ಧ ಸತ್ಯ. ಮಯೋಸಿನ್ ತಲೆ ತನ್ನ ಹಿಡಿತವನ್ನು ಬಿಡಬೇಕಾದರೆ ಎಟಿಪಿ ಎಂಬ ಶಕ್ತಿಕಣ ಬಂದು ಅದಕ್ಕೆ ಕೂಡಿಕೊಳ್ಳಬೇಕು. ಹೊರಬಿದ್ದ ಕ್ಯಾಲ್ಸಿಯಂ ಅನ್ನು ಮತ್ತೆ ಚೀಲದೊಳಕ್ಕೆ ಪಂಪ್ ಮಾಡುವುದಕ್ಕೂ ಎಟಿಪಿ ಬೇಕು. ಪ್ರಾಣ ಹೋದ ಕೆಲವು ಗಂಟೆಗಳಲ್ಲಿ ದೇಹ ಸೆಟೆದುಕೊಳ್ಳುವುದು ಈ ಕಾರಣಕ್ಕೇ: ಎಟಿಪಿ ಮುಗಿದಿರುತ್ತದೆ, ಹಿಡಿದ ತಲೆಗಳು ಬಿಡಲಾರವು. ಜೀವಂತ ಸ್ನಾಯುವಿನಲ್ಲಿ ಸಡಿಲಿಕೆಗೆ ಮೂರು ಸಂಗತಿಗಳು ಕೂಡಿ ಬರಬೇಕು. ನರ ಅಪ್ಪಣೆ ನಿಲ್ಲಿಸಬೇಕು, ಕ್ಯಾಲ್ಸಿಯಂ ಒಳಗೆ ಹೋಗಬೇಕು, ಎಟಿಪಿ ಇರಬೇಕು.

ನಿಮ್ಮ ಮೀನಖಂಡದಲ್ಲಿ ತಪ್ಪುತ್ತಿರುವುದು ಇವುಗಳಲ್ಲಿ ಮೊದಲನೆಯದು. ಸೆಳೆತ ಬಂದಿರುವ ಸ್ನಾಯುವಿನ ವಿದ್ಯುತ್ ಚಟುವಟಿಕೆಯನ್ನು ಅಳೆದರೆ, ಚಾಲಕ ನರತಂತುಗಳು ಬಿಡುವಿಲ್ಲದೆ ವೇಗವಾಗಿ ಅಪ್ಪಣೆ ಕಳಿಸುತ್ತಿರುವುದು ಕಾಣುತ್ತದೆ. ಅದು ನಿಮ್ಮ ಮಿದುಳಿನ ಇಚ್ಛೆಯಿಂದ ಹೊರಟದ್ದಲ್ಲ. ಸ್ನಾಯುವಿನ ಸಮೀಪದ ನರತುದಿಗಳು ಅತಿಯಾಗಿ ಕೆರಳಿರುವುದು ಮತ್ತು ಬೆನ್ನುಹುರಿಯ ಮಟ್ಟದಲ್ಲಿ ಅಪ್ಪಣೆಯನ್ನು ತಡೆಯುವ ಸಂಕೇತಗಳು ಕಡಿಮೆಯಾಗಿರುವುದು ಇದಕ್ಕೆ ಕಾರಣವಿರಬೇಕೆಂದು ಭಾವಿಸಲಾಗಿದೆ. ಹೀಗಿರುವಾಗ ಸ್ನಾಯು ದುರ್ಬಲವಾಗಿದೆ ಎನ್ನಲಾಗದು. ಬೇಡದ ಹೊತ್ತಿನಲ್ಲಿ ಅದು ತನ್ನ ಬಲವನ್ನೆಲ್ಲ ತೋರಿಸುತ್ತಿದೆ, ಅಷ್ಟೆ. ಆದ್ದರಿಂದ ಶಕ್ತಿಯ ಇಂಜೆಕ್ಷನ್ನಿನಿಂದ ನಿಮಗೆ ಗುಣ ಕಾಣದಿದ್ದುದು ಆಶ್ಚರ್ಯವಲ್ಲ. ಬಿ12 ಕೊರತೆಯಿದೆ ಎಂದು ರಕ್ತಪರೀಕ್ಷೆಯಲ್ಲಿ ತಿಳಿದವರಿಗೆ ಆ ಜೀವಸತ್ವದ ಇಂಜೆಕ್ಷನ್ ಅಗತ್ಯವೇ ಸರಿ. ಕೊರತೆ ಇಲ್ಲದವರಿಗೆ ಅದು ಸೆಳೆತವನ್ನು ನಿಲ್ಲಿಸುವುದಿಲ್ಲ.

ರಾತ್ರಿಯೇ ಏಕೆ? ಮಲಗಿದಾಗ ಪಾದ ತಾನಾಗಿ ಕೆಳಕ್ಕೆ ಚಾಚಿಕೊಳ್ಳುತ್ತದೆ, ಭಾರದ ರಗ್ಗು ಹೊದ್ದಿದ್ದರೆ ಇನ್ನಷ್ಟು. ಆಗ ಮೀನಖಂಡ ಮೊದಲೇ ಗಿಡ್ಡವಾದ ಸ್ಥಿತಿಯಲ್ಲಿರುತ್ತದೆ. ಸ್ನಾಯುರಜ್ಜಿನಲ್ಲಿ ಎಳೆತವನ್ನು ಅಳೆದು, ಮಿತಿ ಮೀರಿದಾಗ ‘ಸಾಕು’ ಎಂದು ಬೆನ್ನುಹುರಿಗೆ ತಿಳಿಸುವ ನರತುದಿಗಳಿವೆ. ರಜ್ಜು ಸಡಿಲವಾಗಿದ್ದಾಗ ಅವು ಹೆಚ್ಚುಕಡಿಮೆ ಮೌನವಾಗಿರುತ್ತವೆ. ಮಗ್ಗುಲು ಬದಲಿಸುವಾಗ ಬಂದ ಒಂದು ಸಣ್ಣ ಬಿಗಿತಕ್ಕೆ ತಡೆಯಿಲ್ಲದೆ ಹೋಗಿ, ಅದು ಪೂರ್ಣ ಸೆಳೆತವಾಗಿ ಬೆಳೆಯುತ್ತದೆ. ಪಾದವನ್ನು ಮೇಲಕ್ಕೆ ಮಡಿಸಿದಾಕ್ಷಣ ನೋವು ಇಳಿಯಲು ಇದೇ ಕಾರಣ. ರಜ್ಜು ಬಿಗಿಯಾಗುತ್ತದೆ, ಆ ನರತುದಿಗಳು ಎಚ್ಚರಗೊಳ್ಳುತ್ತವೆ, ಅಪ್ಪಣೆ ನಿಲ್ಲುತ್ತದೆ.

ಇನ್ನು ತೊಡೆಯ ನೋವಿನ ವಿಚಾರ. ಮಗನ ಮಾತಿನಲ್ಲಿ ತಪ್ಪಿರುವುದು ಇಲ್ಲಿ, ಆದರೆ ಅವನೊಬ್ಬನ ತಪ್ಪಲ್ಲ. ಜಿಮ್‌ಗಳಲ್ಲಿ ಇಂದಿಗೂ ಇದನ್ನೇ ಹೇಳಿಕೊಡುತ್ತಾರೆ. ಏದುಸಿರು ಬರುವಷ್ಟು ದುಡಿದಾಗ ಸ್ನಾಯುವಿನಲ್ಲಿ ಲ್ಯಾಕ್ಟೇಟ್ ಹೆಚ್ಚುವುದು ನಿಜ. ಆದರೆ ವಿಶ್ರಾಂತಿ ಪಡೆದ ಒಂದೆರಡು ಗಂಟೆಯೊಳಗೆ ಅದು ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಯಕೃತ್ತು, ಹೃದಯ ಮತ್ತು ಇತರ ಸ್ನಾಯುಗಳು ಅದನ್ನು ಇಂಧನವಾಗಿ ಬಳಸಿಕೊಳ್ಳುತ್ತವೆ. ಎರಡನೆಯ ದಿನದ ನೋವಿಗೆ ಅದು ಹೊಣೆಯಾಗಲಾರದು. ನಿಮ್ಮ ಅನುಭವವೇ ಇದಕ್ಕೆ ಸಾಕ್ಷಿ: ಏದುಸಿರು ಬಂದದ್ದು ಬೆಟ್ಟ ಹತ್ತುವಾಗ, ನೋವು ತಂದದ್ದು ಇಳಿಯುವಾಗ. ಸಾವಿರ ಮೆಟ್ಟಿಲು ಇಳಿಯುವಾಗ ಪ್ರತಿ ಹೆಜ್ಜೆಯಲ್ಲೂ ತೊಡೆಯ ಮುಂಭಾಗದ ಸ್ನಾಯು ದೇಹದ ಭಾರ ಧೊಪ್ಪನೆ ಬೀಳದಂತೆ ತಡೆಯುತ್ತದೆ. ಅಂದರೆ ಅದು ಬಿಗಿಯುತ್ತಿರುವಾಗಲೇ ಉದ್ದಕ್ಕೆ ಎಳೆಯಲ್ಪಡುತ್ತದೆ. ಹಾಗೆ ಎಳೆಸಿಕೊಂಡಾಗ ಕೆಲವು ಸಾರ್ಕೋಮಿಯರುಗಳ ಜೋಡಣೆ ಕೆಡುತ್ತದೆ, ಅಲ್ಲಿ ಉರಿಯೂತ ಉಂಟಾಗುತ್ತದೆ, ಅದು ನೋವಾಗಿ ತೋರಲು 12ರಿಂದ 24 ಗಂಟೆ ಬೇಕು. ಒಂದರಿಂದ ಮೂರು ದಿನಗಳ ನಡುವೆ ಏರಿ, ವಾರದೊಳಗೆ ಇಳಿಯುತ್ತದೆ. ರಿಪೇರಿಯಾದ ಸ್ನಾಯು ಅದೇ ಕೆಲಸಕ್ಕೆ ಮುಂದಿನ ಸಲ ಅಷ್ಟು ನೋಯುವುದಿಲ್ಲ. ಬಸ್ಕಿಯ ಲೆಕ್ಕವನ್ನು ಹೊಸ ಹುಡುಗರಿಗೆ ಮೆಲ್ಲಮೆಲ್ಲನೆ ಏರಿಸುವ ಗರಡಿಮನೆಯ ಪದ್ಧತಿಯಲ್ಲಿ ಈ ತಿಳಿವಳಿಕೆ ಮೊದಲಿನಿಂದಲೂ ಇದೆ. ಮುಂದಿನ ಹರಕೆಗೆ ಮೆಟ್ಟಿಲಿನಲ್ಲಿ ಹತ್ತಿ, ಬಸ್ಸಿನಲ್ಲಿ ಇಳಿದು ಬಂದರೆ ದೇವಿಯೇನೂ ಆಕ್ಷೇಪಿಸಲಾರಳು. ಇಳಿಯಲೇಬೇಕೆಂದಿದ್ದರೆ ಕೆಲವು ವಾರ ಮೊದಲೇ ಮನೆಯ ಮೆಟ್ಟಿಲಿನಲ್ಲಿ ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಕೊಳ್ಳಿ.

ಸ್ನಾಯು ಸವೆದಿದೆಯೇ ಎಂಬ ಭಯಕ್ಕೆ ಉತ್ತರ ಹೀಗೆ. ವಯಸ್ಸಿನೊಂದಿಗೆ ಸ್ನಾಯುವಿನ ಪ್ರಮಾಣ ಇಳಿಯುವುದು ಎಲ್ಲರಲ್ಲೂ ಸಹಜ, ಅರವತ್ತರ ನಂತರ ಸ್ವಲ್ಪ ವೇಗವಾಗಿ. ಆದರೆ ದುಡಿಮೆಯಿಂದ ಅದು ಸವೆಯುವುದಿಲ್ಲ. ಕರಗುವುದು ದುಡಿಮೆ ನಿಂತಾಗ. ಆರೋಗ್ಯವಂತ ಹಿರಿಯರನ್ನು 10 ದಿನ ಹಾಸಿಗೆಯಲ್ಲೇ ಇರಿಸಿ ನೋಡಿದ ಒಂದು ಅಧ್ಯಯನದಲ್ಲಿ ಅವರ ಕಾಲುಗಳಿಂದಲೇ ಹೆಚ್ಚುಕಡಿಮೆ 1 ಕಿಲೋ ಮಾಂಸಲ ತೂಕ ಇಳಿದಿತ್ತು. ಆದ್ದರಿಂದ ಗದ್ದೆ ಕೆಲಸ ನಿಲ್ಲಿಸಬೇಡಿ. ಪ್ರೋಟೀನ್ ಪುಡಿಗೆ ಹಣ ಸುರಿಯುವ ಅಗತ್ಯ ನಿಮಗಿಲ್ಲ, ಸೆಳೆತಕ್ಕಂತೂ ಅದು ಔಷಧವೇ ಅಲ್ಲ. ನಮ್ಮ ಕಡೆಯ ಊಟದಲ್ಲಿ ಒಂದು ಕೊರತೆಯನ್ನು ನಾನು ಮತ್ತೆ ಮತ್ತೆ ಕಾಣುತ್ತೇನೆ. ಹುರುಳಿ ಬಸ್ಸಾರಿನ ಕಟ್ಟಿನಲ್ಲಿ ಮುದ್ದೆ ನುಂಗಿ, ಬೆಂದ ಕಾಳಿನ ಪಲ್ಯವನ್ನು ಹೆಸರಿಗಷ್ಟೇ ಬಡಿಸಿಕೊಳ್ಳುತ್ತೇವೆ. ಪ್ರೋಟೀನ್ ಹೆಚ್ಚಾಗಿ ಉಳಿದಿರುವುದು ಆ ಕಾಳಿನಲ್ಲಿ. ಕಾಳು, ಮೊಸರು, ಒಗ್ಗುವುದಾದರೆ ಮೊಟ್ಟೆ, ಇಷ್ಟನ್ನು ದಿನವೂ ಧಾರಾಳವಾಗಿ ತಿನ್ನಿ.

ಈಗ ಮಾಡಬೇಕಾದದ್ದು. ಮೊದಲು ನೋಡಬೇಕಾದದ್ದು ನಿಮ್ಮ ಮಾತ್ರೆಗಳನ್ನು. ಮೂತ್ರ ಹೆಚ್ಚಿಸುವ ಮಾತ್ರೆ ರಕ್ತದಲ್ಲಿನ ಸೋಡಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ ಮಟ್ಟವನ್ನು ಇಳಿಸಬಲ್ಲದು. ರಾತ್ರಿ ಸೆಳೆತಕ್ಕೆ ಅದು ಚಿರಪರಿಚಿತ ಕಾರಣಗಳಲ್ಲಿ ಒಂದು. ಮಾತ್ರೆ ಸೇರಿಸಿದ್ದು ಕಳೆದ ವರ್ಷ, ಸೆಳೆತ ಶುರುವಾದದ್ದು ಆಮೇಲೆ ಎಂಬುದನ್ನು ನಾನು ಕಡೆಗಣಿಸಲಾರೆ. ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ರಕ್ತದೊತ್ತಡ ದಿಢೀರನೆ ಏರಿದರೆ ಆಗುವ ಹಾನಿ ಮೀನಖಂಡದ ನೋವಿಗಿಂತ ಬಹಳ ದೊಡ್ಡದು. ಬರೆದುಕೊಟ್ಟ ವೈದ್ಯರಲ್ಲಿಗೇ ಹೋಗಿ, ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ರಿಯಾಟಿನಿನ್, ಸಕ್ಕರೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಲು ಕೇಳಿ. ಮಂಡ್ಯದ ಮಿಮ್ಸ್ ಆಸ್ಪತ್ರೆಗೋ ಮೈಸೂರಿನ ಕೆ.ಆರ್. ಆಸ್ಪತ್ರೆಗೋ ತೋರಿಸಲು ಹೋಗುವುದಾದರೆ ಮಾತ್ರೆಯ ಹಾಳೆಗಳನ್ನು ಜೊತೆಗೇ ಒಯ್ಯಿರಿ. ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆಯೂ ಇದ್ದರೆ ಅದನ್ನು ತಪ್ಪದೆ ಹೇಳಿ, ಏಕೆಂದರೆ ಅದರಿಂದಲೂ ಕೆಲವರಿಗೆ ಸ್ನಾಯು ನೋವು ಬರುತ್ತದೆ.

ಬಾಳೆಹಣ್ಣು, ಎಳನೀರು ಕುರಿತು ಎಚ್ಚರಿಕೆಯ ಒಂದು ಮಾತು. ಪರೀಕ್ಷೆಯಲ್ಲಿ ಪೊಟ್ಯಾಸಿಯಂ ಕಡಿಮೆ ಎಂದು ಕಂಡರೆ ಎರಡೂ ಒಳ್ಳೆಯವೇ. ಆದರೆ ಮೂತ್ರಪಿಂಡದ ಶಕ್ತಿ ಕುಂದಿದ್ದರೆ, ಇಲ್ಲವೇ ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್‌ನಂಥ ರಕ್ತದೊತ್ತಡದ ಮಾತ್ರೆ ನುಂಗುತ್ತಿದ್ದರೆ ಪೊಟ್ಯಾಸಿಯಂ ವಿಪರೀತ ಏರಿ ಹೃದಯದ ಲಯ ಕೆಡಬಹುದು. ಮದ್ದೂರಿನ ಎಳನೀರು ಕೈಗೆಟುಕುವಷ್ಟು ಹತ್ತಿರವಿದೆ ಎಂದು ದಿನಕ್ಕೆ ಮೂರು ನಾಲ್ಕು ಕುಡಿಯುವವರನ್ನು ನೋಡಿದ್ದೇನೆ. ಬಿಸಿಲಿನಲ್ಲಿ ಕಬ್ಬು ಕಡಿದು ಬೆವರಿದಾಗ ದೇಹ ಮುಖ್ಯವಾಗಿ ಕಳೆದುಕೊಳ್ಳುವುದು ಸೋಡಿಯಂ. ಎಳನೀರಿನಲ್ಲಿ ಹೆಚ್ಚಾಗಿರುವುದು ಪೊಟ್ಯಾಸಿಯಂ. ಅಂಥ ದಿನಗಳಲ್ಲಿ ನೀರಿನ ಜೊತೆಗೆ ತುಸು ಉಪ್ಪು ಹಾಕಿದ ಮಜ್ಜಿಗೆ ಸಾಕು. ರಕ್ತದೊತ್ತಡ ಇರುವ ನೀವು ಬೆವರದ ದಿನಗಳಲ್ಲೂ ಅದನ್ನೇ ರೂಢಿ ಮಾಡಿಕೊಳ್ಳಬೇಡಿ.

ಔಷಧವಿಲ್ಲದ ಉಪಾಯಗಳಲ್ಲಿ ನಾನು ಮುಂದಿಡುವುದು ಮಲಗುವ ಮುನ್ನ ಮೀನಖಂಡವನ್ನು ಎಳೆದು ಹಿಗ್ಗಿಸುವುದನ್ನು. 55 ದಾಟಿದವರ ಮೇಲೆ ನೆದರ್ಲೆಂಡ್ಸ್‌ನಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೀನಖಂಡವನ್ನೂ ತೊಡೆಯ ಹಿಂಭಾಗವನ್ನೂ ಆರು ವಾರ ಹೀಗೆ ಹಿಗ್ಗಿಸಿದವರಲ್ಲಿ ರಾತ್ರಿಯ ಸೆಳೆತಗಳು ಕಡಿಮೆಯಾದವು. ಎಲ್ಲ ಅಧ್ಯಯನಗಳೂ ಇದನ್ನೇ ಹೇಳುವುದಿಲ್ಲ. ಆದರೂ ಖರ್ಚಿಲ್ಲದ, ಅಪಾಯವಿಲ್ಲದ ಉಪಾಯ ಇದು. ಗೋಡೆಗೆ ಎದುರಾಗಿ ನಿಂತು ಅಂಗೈಗಳನ್ನು ಗೋಡೆಗೆ ಊರಿ, ಒಂದು ಕಾಲನ್ನು ಹಿಂದಕ್ಕೆ ಇಟ್ಟು, ಅದರ ಹಿಮ್ಮಡಿ ನೆಲ ಬಿಡದಂತೆ ಮುಂದಕ್ಕೆ ಬಾಗಬೇಕು; 10ರಿಂದ 30 ಸೆಕೆಂಡ್, ಪ್ರತಿ ಕಾಲಿಗೂ ಮೂರು ಸಲ. ಹಿಂದಿನ ಕಾಲಿನ ಮಂಡಿ ನೆಟ್ಟಗಿರಲೇಬೇಕು. ಕಳೆ ಕೀಳುವಾಗ ಗಂಟೆಗಟ್ಟಲೆ ಕುಕ್ಕರಗಾಲಿನಲ್ಲಿ ಕೂರುತ್ತೇನಲ್ಲ, ಮೀನಖಂಡ ಅಲ್ಲೇ ಹಿಗ್ಗಿರುತ್ತದೆ ಎಂದು ರೈತರು ಹೇಳುವುದುಂಟು. ಮಂಡಿ ಮಡಿಸಿದಾಗ ಹಿಗ್ಗುವುದು ಒಳಗಿನ ಸೋಲಿಯಸ್ ಮಾತ್ರ. ಮಂಡಿಯನ್ನೂ ದಾಟಿ ಹೋಗುವ ಗ್ಯಾಸ್ಟ್ರಾಕ್ನೀಮಿಯಸ್ ಆಗ ಸಡಿಲವಾಗಿಯೇ ಇರುತ್ತದೆ. ಸೆಳೆತ ಬಂದಾಗಲೂ ಇದೇ ನಿಯಮ: ಮಂಡಿಯನ್ನು ನೆಟ್ಟಗೆ ಮಾಡಿ, ಕಾಲ್ಬೆರಳುಗಳನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ, ಇಲ್ಲವೇ ಮಂಚವನ್ನು ಭದ್ರವಾಗಿ ಹಿಡಿದು ನಿಂತು ಹಿಮ್ಮಡಿಯನ್ನು ನೆಲಕ್ಕೆ ಒತ್ತಿ. ಸೆಳೆತ ಬಿಟ್ಟ ಮೇಲೆ ಬಿಸಿನೀರಿನ ಶಾಖವೋ ಹರಳೆಣ್ಣೆಯ ಮೆಲುವಾದ ತಿಕ್ಕುವಿಕೆಯೋ ಹಿತ ಕೊಡುತ್ತದೆ.

ಮೆಗ್ನೀಸಿಯಂ ಮಾತ್ರೆ ಅಂಗಡಿಗಳಲ್ಲಿ ಧಾರಾಳವಾಗಿ ಸಿಗುತ್ತದೆ. ಹಿರಿಯರ ರಾತ್ರಿ ಸೆಳೆತಕ್ಕೆ ಅದರಿಂದ ಹೇಳಿಕೊಳ್ಳುವಂಥ ಲಾಭ ಅಧ್ಯಯನಗಳಲ್ಲಿ ಕಂಡಿಲ್ಲ. ಭೇದಿ ಆಗಬಹುದು, ಮೂತ್ರಪಿಂಡ ದುರ್ಬಲವಾಗಿದ್ದರೆ ಅಪಾಯವೂ ಇದೆ. ಮಲೇರಿಯಾಕ್ಕೆ ಕೊಡುವ ಕ್ವಿನೈನ್ ಸೆಳೆತವನ್ನು ಸ್ವಲ್ಪ ಮಟ್ಟಿಗೆ ತಗ್ಗಿಸುತ್ತದೆ, ಆದರೆ ರಕ್ತದ ಪ್ಲೇಟ್‌ಲೆಟ್‌ಗಳನ್ನು ಕುಸಿಯುವಂತೆ ಮಾಡಿ, ಹೃದಯದ ಲಯ ಕೆಡಿಸಿ ಪ್ರಾಣಕ್ಕೂ ಕುತ್ತು ತಂದಿರುವುದರಿಂದ, ಕಾಲಿನ ಸೆಳೆತಕ್ಕೆ ಅದನ್ನು ಬಳಸಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2006ರಲ್ಲೇ ಎಚ್ಚರಿಸಿದೆ. ಡೈಕ್ಲೋಫೆನಾಕ್‌ನಂಥ ನೋವಿನ ಮಾತ್ರೆಯನ್ನು ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆ ನುಂಗುವುದು ಮೂತ್ರಪಿಂಡಕ್ಕೆ ಕೇಡು, ರಕ್ತದೊತ್ತಡವನ್ನೂ ಏರಿಸುತ್ತದೆ. ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದದ್ದು ಹೆಸರಿಲ್ಲದ ಪೊಟ್ಟಣದಲ್ಲಿ ಕೊಡುವ, ಒಂದೇ ದಿನದಲ್ಲಿ ಮೈನೋವೆಲ್ಲ ಮಾಯವಾಗಿಸುವ ಗುಳಿಗೆಗಳಿಗೆ. ಅವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು; ತಿಂಗಳುಗಟ್ಟಲೆ ನುಂಗಿದರೆ ಸ್ಟೀರಾಯ್ಡ್ ತೊಡೆ ಮತ್ತು ಭುಜದ ಸ್ನಾಯುಗಳನ್ನೇ ಕರಗಿಸುತ್ತದೆ. ನೆಲದಿಂದ ಏಳಲಾಗದ ಸ್ಥಿತಿಯಲ್ಲಿ ಬರುವ ಇಂಥವರನ್ನು ನಾನು ಹೊರರೋಗಿ ವಿಭಾಗದಲ್ಲಿ ನೋಡುತ್ತಲೇ ಇದ್ದೇನೆ.

ನೀವು ಬರೆದಿರುವ ಲಕ್ಷಣಗಳಲ್ಲಿ ಗಂಭೀರ ಕಾಯಿಲೆಯ ಸುಳಿವು ಕಾಣುತ್ತಿಲ್ಲ. ಆದರೂ ಒಂದೇ ಕಾಲು ಊದಿಕೊಂಡು, ಬಿಸಿಯಾಗಿ, ನೋವು ಗಂಟೆಗಟ್ಟಲೆ ಬಿಡದಿದ್ದರೆ ಅದು ಸೆಳೆತವಲ್ಲ, ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಆಗ ಕಾಲನ್ನು ತಿಕ್ಕಿಸದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಸ್ವಲ್ಪ ದೂರ ನಡೆದಾಗ ಮೀನಖಂಡ ಹಿಡಿದು, ನಿಂತರೆ ಬಿಡುತ್ತದೆ ಎಂದಾದರೆ, ಅದರಲ್ಲೂ ಬೀಡಿ ಸೇದುವ ಅಭ್ಯಾಸವಿದ್ದರೆ, ಕಾಲಿನ ರಕ್ತ ಸಂಚಾರವನ್ನು ಪರೀಕ್ಷಿಸಬೇಕಾಗುತ್ತದೆ. ಅಂಗಾಲು ಮರಗಟ್ಟಿದಂತಿದ್ದರೆ, ಹೆಜ್ಜೆ ಎಡವುತ್ತಿದ್ದರೆ, ಒಂದು ಕಾಲು ಇನ್ನೊಂದಕ್ಕಿಂತ ಸಣ್ಣಗಾಗುತ್ತಿದ್ದರೆ ನರರೋಗ ತಜ್ಞರಿಗೆ ತೋರಿಸಿ. ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿ ಮೈಯೆಲ್ಲ ನೋಯುತ್ತಿದ್ದರೆ ಸ್ನಾಯು ಎಳೆಗಳು ಒಡೆದು ರಕ್ತಕ್ಕೆ ಸೇರುತ್ತಿವೆ ಎಂದರ್ಥ, ಅದಕ್ಕೆ ಮರುದಿನದವರೆಗೆ ಕಾಯಬಾರದು. ಇವು ಯಾವುವೂ ಇಲ್ಲದಿದ್ದರೆ ಈ ವಾರವೇ ರಕ್ತಪರೀಕ್ಷೆ ಮಾಡಿಸಿ, ಇಂದಿನಿಂದಲೇ ಗೋಡೆಯ ವ್ಯಾಯಾಮ ಆರಂಭಿಸಿ. ಆರು ವಾರದ ನಂತರವೂ ಸೆಳೆತ ಹೀಗೆಯೇ ಮುಂದುವರಿದರೆ ಪರೀಕ್ಷೆಯ ವರದಿಗಳ ಪ್ರತಿಯೊಂದಿಗೆ ಮತ್ತೊಮ್ಮೆ ಬರೆಯಿರಿ.